ನಾನು ಅಕೌಂಟೆಂಟ್ ಅಲ್ಲ, ಅಡಿಕೆ ಕೊಯ್ಯುವವ

ಬೆಳಿಗ್ಗೆ ಆರೂಮುಕ್ಕಾಲರ ಬಸ್ಸಿಗೆ ವಗ್ಗದಲ್ಲಿ ಕಾಯುತ್ತಾ ನಿಲ್ಲುವಾಗ ನನ್ನ ಮೈಮೇಲೆ ಇಸ್ತ್ರಿ ಹಾಕಿದ ತಿಳಿನೀಲಿ ಅಂಗಿ, ಕಪ್ಪು ಪ್ಯಾಂಟು, ಹೆಗಲಿಗೆ ಲ್ಯಾಪ್‌ಟಾಪ್ ಬ್ಯಾಗು ಇರುತ್ತಿತ್ತು. ಬ್ಯಾಗಿನೊಳಗೆ ಲ್ಯಾಪ್‌ಟಾಪ್ ಇರಲಿಲ್ಲ. ಒಂದು ಹಳೆಯ ಟೀಶರ್ಟು, ಬರ್ಮುಡಾ, ಬೈರಾಸು, ನೀರಿನ ಬಾಟಲಿ, ಅಮ್ಮ ಕಟ್ಟಿಕೊಟ್ಟ ಬುತ್ತಿ. ಪುಂಜಾಲಕಟ್ಟೆ ದಾಟಿ ಮಡಂತ್ಯಾರಿನಲ್ಲಿ ಇಳಿದು, ಜತೆಗಾರನ ಬೈಕು ಹತ್ತಿ ಯಾರದೋ ತೋಟ ತಲುಪಿ, ಪಂಪ್‌ಶೆಡ್ಡಿನ ಹಿಂದೆ ಬಟ್ಟೆ ಬದಲಿಸಿದರೆ ನನ್ನ 'ಆಫೀಸು' ಶುರು. ಸಂಜೆ ಮತ್ತೆ ಅದೇ ಅಂಗಿ, ಅದೇ ಪ್ಯಾಂಟು. ಬಸ್ಸಿನಲ್ಲಿ ಸಿಕ್ಕಿದವರು "ಕೆಲಸ ಹೇಗುಂಟು?" ಎಂದು ಕೇಳಿದರೆ "ಹಾಂ, ಉಂಟು, ಸ್ವಲ್ಪ ಪ್ರೆಶರ್" ಎನ್ನುತ್ತಿದ್ದೆ. ಅದು ಸುಳ್ಳಲ್ಲ. ದೋಟಿ ಹಿಡಿದು ಆರು ಗಂಟೆ ಆಕಾಶ ನೋಡಿದವನ ಕುತ್ತಿಗೆಯಲ್ಲಿ ಎಷ್ಟು ಪ್ರೆಶರ್ ಇರುತ್ತದೆ ಎಂಬುದು ಹಿಡಿದವನಿಗೇ ಗೊತ್ತು.

ಹೀಗೆ ಎಂಟು ತಿಂಗಳು ನಡೆಯಿತು. ಊರಿನ ಲೆಕ್ಕದಲ್ಲಿ ನಾನು ಬೆಳ್ತಂಗಡಿಯ ಒಂದು ಕಂಪೆನಿಯಲ್ಲಿ ಅಕೌಂಟೆಂಟ್.

ನನ್ನ ಅಪ್ಪ ಮರ ಏರುವವರು. ಬಂಟ್ವಾಳ ತಾಲೂಕಿನ ನಮ್ಮ ಕಡೆ ಹೀಗೆ ಹೇಳಿದರೆ ಸಾಕು, ಬೇರೇನೂ ವಿವರಿಸಬೇಕಾಗಿಲ್ಲ. ಕಾಲಿಗೆ ಹಗ್ಗದ ತಳೆ ಹಾಕಿ, ಸೊಂಟಕ್ಕೆ ಕತ್ತಿ ಸಿಕ್ಕಿಸಿ ಒಂದು ಮರ ಏರಿದರೆ, ಅಲ್ಲಿಂದ ಮರವನ್ನೇ ಬಾಗಿಸಿ ಪಕ್ಕದ ಮರ ಹಿಡಿದು ದಾಟಿ, ಮತ್ತೊಂದಕ್ಕೆ ದಾಟಿ, ನಾಲ್ಕೈದು ಮರದ ಗೊನೆ ಇಳಿಸಿದ ಮೇಲೆಯೇ ನೆಲಕ್ಕೆ ಬರುತ್ತಿದ್ದರು. ಮಳೆಗಾಲದ ಮೊದಲು ಮದ್ದು ಬಿಡುವ ಕೆಲಸ, ನವೆಂಬರ್ ನಂತರ ಕೊಯ್ಲು. ತಿಂಡಿಯನ್ನು ಧಣಿಗಳ ಮನೆಯ ಅಂಗಳದ ಬದಿಯಲ್ಲಿ ಕೂತು ತಿನ್ನುತ್ತಿದ್ದರು. ಅಪ್ಪನ ಲೋಟ ಬೇರೆ ಇತ್ತೋ ಇಲ್ಲವೋ ನಾನು ಕೇಳಿಲ್ಲ. ಅವರು ಹೇಳಿಲ್ಲ.

ಅಪ್ಪ ನನಗೆ ಹೊಡೆದದ್ದು ಜೀವನದಲ್ಲಿ ಒಂದೇ ಸಲ. ಏಳನೇ ಕ್ಲಾಸಿನಲ್ಲಿದ್ದಾಗ ಅವರ ತಳೆ ಕದ್ದು ಮನೆಯ ಹಿಂದಿನ ಮರ ಏರಿದ್ದೆ. ಅರ್ಧ ಏರಿದ್ದೆನೋ ಇಲ್ಲವೋ, ಕೆಳಗಿನಿಂದ ಅಪ್ಪನ ಸ್ವರ ಕೇಳಿತು. ಬಯ್ಯಲಿಲ್ಲ. ಮೆಲ್ಲಗೆ, ಒಂದೊಂದೇ ಹೆಜ್ಜೆ ಹೇಳಿಕೊಟ್ಟು ಇಳಿಸಿದರು. ನೆಲ ಮುಟ್ಟಿದ ಮೇಲೆ ಹೊಡೆದರು. "ನೀನು ಏರಬಾರದು ಅಂತಲೇ ನಾನು ಏರುವುದು" ಎಂದರು. ನಮ್ಮ ಮನೆಯ ಸಂವಿಧಾನ ಎಂದರೆ ಆ ಒಂದೇ ವಾಕ್ಯ. ಅದರ ಮೇಲೆ ನನ್ನ ಪಿಯುಸಿ ಆಯಿತು, ಮೂಡುಬಿದಿರೆಯಲ್ಲಿ ಬಿ.ಕಾಂ. ಆಯಿತು, ತಂಗಿಯ ಡಿಗ್ರಿಯೂ ಆಯಿತು.

ಮೂಡುಬಿದಿರೆಯ ಮೂರು ವರ್ಷದಲ್ಲಿ ಬಂಟ್ವಾಳ–ಸಿದ್ದಕಟ್ಟೆ ಮಾರ್ಗದ ಬಸ್ಸಿನ ಕಿಟಕಿಯಿಂದ ನಾನು ಅಡಿಕೆ ತೋಟ ಬಿಟ್ಟರೆ ಬೇರೇನೂ ನೋಡಿಲ್ಲ, ಆದರೆ ಒಮ್ಮೆಯೂ ಅದರ ಬಗ್ಗೆ ಯೋಚಿಸಲಿಲ್ಲ. ಕ್ಲಾಸಿನಲ್ಲಿ ಎಲ್ಲರದ್ದೂ ಒಂದೇ ಕನಸು. ಬೆಂಗಳೂರು, ಇಲ್ಲವೇ ಗಲ್ಫ್, ಎರಡೂ ಆಗದಿದ್ದರೆ ಬ್ಯಾಂಕ್ ಪರೀಕ್ಷೆ. ಕನ್ನಡ ಮೇಷ್ಟ್ರು ಒಮ್ಮೆ ಇದೇ ಊರಿನ ರತ್ನಾಕರವರ್ಣಿಯ ಕಥೆ ಹೇಳಿದ್ದರು. 'ಭರತೇಶ ವೈಭವ' ಬರೆದವನ ಕೃತಿಗೆ ತನ್ನವರಿಂದಲೇ ಸಿಗಬೇಕಾದ ಮರ್ಯಾದೆ ಸಿಗದಾಗ ಸಿಟ್ಟಿನಿಂದ ಮತವನ್ನೇ ಬಿಟ್ಟು ಹೋಗಿ, ಆಮೇಲೆ ಮರಳಿ ಬಂದ ಎನ್ನುವ ಕಥೆ. ಹಿಂದಿನ ಬೆಂಚಿನಿಂದ ನಾವು ಕೇಳಿದ್ದು ಒಂದೇ ಪ್ರಶ್ನೆ: "ಸರ್, ಇದು ಎಕ್ಸಾಮಿಗೆ ಉಂಟಾ?"

ಬೆಂಗಳೂರಿಗೆ ಹೋದೆ. ಇನ್‌ವಾಯ್ಸ್ ನೋಡಿ ನೋಡಿ ಎಂಟ್ರಿ ಹಾಕುವ ಕೆಲಸ. ಕಂಪೆನಿಯ ಹೆಸರು ಬೇಡ, ಅವರದ್ದೇನೂ ವಿಶೇಷ ತಪ್ಪಿಲ್ಲ. ಪಿಜಿ, ಊಟ, ಬಸ್ಸು ಕಳೆದರೆ ಮನೆಗೆ ಕಳಿಸಲು ಮೂರು ಸಾವಿರ ಉಳಿದರೆ ಹೆಚ್ಚು. ಒಂದೂವರೆ ವರ್ಷದಲ್ಲಿ ಊರಿಗೆ ಬಂದದ್ದು ನಾಲ್ಕು ಸಲ. ಬಂದಾಗಲೆಲ್ಲ ಹೊಸ ಶೂ ಹಾಕಿ ಬರುತ್ತಿದ್ದೆ. ಅಪ್ಪ ಆ ಶೂಗಳನ್ನು ಜಗಲಿಯಲ್ಲಿ ಎಲ್ಲರಿಗೂ ಕಾಣುವ ಹಾಗೆ ಇಡುತ್ತಿದ್ದರು.

2022ರಲ್ಲಿ ಎರಡು ಸಂಗತಿ ನಡೆದವು. ಒಂದು, ಜನವರಿಯಲ್ಲಿ ಅಮೈ ಮಹಾಲಿಂಗ ನಾಯ್ಕರಿಗೆ ಪದ್ಮಶ್ರೀ ಘೋಷಣೆಯಾಯಿತು. ನಮ್ಮದೇ ಬಂಟ್ವಾಳ ತಾಲೂಕಿನ ಕೇಪು ಗ್ರಾಮ, ಅಡ್ಯನಡ್ಕದವರು. ಪಿಜಿಯ ಮಂಚದಲ್ಲಿ ಮಲಗಿ ಮೊಬೈಲಿನಲ್ಲಿ ಆ ಸುದ್ದಿ ಓದುವಾಗ ನನಗೆ ಅವರ ಸುರಂಗಕ್ಕಿಂತ ಮೊದಲು ಕಣ್ಣಿಗೆ ಬಿದ್ದದ್ದು ಅವರ ಕಸುಬು. ಅವರು ಕೂಡ ಅಡಿಕೆ, ತೆಂಗಿನ ಮರ ಏರುತ್ತಿದ್ದ ಕೂಲಿಯಾಳು. ಧಣಿಯೊಬ್ಬರು 1978ರ ಸುಮಾರಿಗೆ ಕೊಟ್ಟ ಎರಡೆಕರೆ ಬೋಳುಗುಡ್ಡದಲ್ಲಿ ನೀರಿರಲಿಲ್ಲ. ಹಗಲು ಕೂಲಿ ಮಾಡಿ ಬಂದು, ದೀಪ ಹಚ್ಚಿಕೊಂಡು, ಮುರಕಲ್ಲಿನ ಗುಡ್ಡಕ್ಕೆ ಅಡ್ಡವಾಗಿ ಒಬ್ಬರೇ ಸುರಂಗ ಕೊರೆದರು. ಮೊದಲ ಪ್ರಯತ್ನಗಳು ಒಂದಾದ ಮೇಲೊಂದು ಒಣಗಿಯೇ ಉಳಿದವು. ವರ್ಷಗಟ್ಟಲೆ ವ್ಯರ್ಥ ಶ್ರಮ ಎಂದು ಊರವರು ನಕ್ಕರಂತೆ. ಕೊನೆಗೆ ನೀರು ಬಂತು, ಗುಡ್ಡ ತೋಟವಾಯಿತು. ಪದ್ಮಶ್ರೀ ಬಂದ ಮೇಲೆ ನಾವೆಲ್ಲ ವಾಟ್ಸ್ಆ್ಯಪ್ ಸ್ಟೇಟಸ್ ಹಾಕಿದೆವು, ನಾನೂ ಹಾಕಿದೆ. ನೀರು ಬರುವ ಮೊದಲು ಅವರ ಸ್ಟೇಟಸ್ ಹಾಕುವವರು ಯಾರಿದ್ದರು?

ಇನ್ನೊಂದು, ಅದೇ ವರ್ಷ ಅಪ್ಪ ಬಿದ್ದರು. ಮೇಲಿನಿಂದ ಅಲ್ಲ, ಇಳಿಯುತ್ತಾ ಇಳಿಯುತ್ತಾ ಎರಡಾಳೆತ್ತರಕ್ಕೆ ಬಂದಾಗ ಪಾಚಿಗೆ ತಳೆ ಜಾರಿತು. ಸೊಂಟದ ಮೂಳೆ. ಜೀವ ಉಳಿಯಿತು, ಮರ ಏರುವ ಕೆಲಸ ಮುಗಿಯಿತು. ನಾನು ಹದಿನೈದು ದಿನದ ರಜೆ ಹಾಕಿ ಬಂದವನು ಹಿಂದೆ ಹೋಗಲಿಲ್ಲ. "ವರ್ಕ್ ಫ್ರಮ್ ಹೋಮ್ ಕೊಟ್ಟಿದ್ದಾರೆ" ಎಂದೆ. ನನ್ನ ಮೊದಲ ಸುಳ್ಳು ಅದು. ಉಳಿದವೆಲ್ಲ ಅದರ ಮಕ್ಕಳು.

ಮನೆಯಲ್ಲಿ ಕೂತು ಅರ್ಜಿ ಹಾಕುತ್ತಿದ್ದ ಆ ದಿನಗಳನ್ನು ಉದ್ಯೋಗ ಹುಡುಕುತ್ತಿರುವ ಯಾರಿಗೂ ವರ್ಣಿಸುವ ಅಗತ್ಯವಿಲ್ಲ. ನಮ್ಮ ಕ್ಲಾಸಿನ ಒಬ್ಬ ಉಜಿರೆಯ ರುಡ್‌ಸೆಟ್‌ಗೆ ಸೇರಿ ಮೊಬೈಲ್ ರಿಪೇರಿ ಕಲಿಯುತ್ತಿದ್ದ. 1982ರಲ್ಲಿ ಉಜಿರೆಯಲ್ಲಿ ಶುರುವಾದ ಸಂಸ್ಥೆ ಅದು. ಅದನ್ನೇ ಮಾದರಿಯಾಗಿ ಇಟ್ಟುಕೊಂಡು ಈಗ ದೇಶವಿಡೀ ಜಿಲ್ಲೆಗೊಂದರಂತೆ ಆರ್‌ಸೆಟಿಗಳಿವೆ. ಊಟ, ವಸತಿ, ತರಬೇತಿ ಎಲ್ಲ ಉಚಿತ. ಆದರೂ ನಮ್ಮ ಗುಂಪಿನಲ್ಲಿ ಅವನಿಗೆ "ಡಿಗ್ರಿ ಮಾಡಿ ಸ್ಕ್ರೂಡ್ರೈವರ್ ಹಿಡಿದ" ಎಂಬ ಹೆಸರು ಬಿದ್ದಿತ್ತು. ಹಾಗೆ ಹೇಳಿ ನಕ್ಕವರಲ್ಲಿ ನಾನೂ ಒಬ್ಬ, ಕಿಸೆಯಲ್ಲಿ ಬಸ್ಸಿಗೆ ಕಾಸಿಲ್ಲದವನು. ಅವನೇ ಒಂದು ದಿನ ಫೋನ್ ಮಾಡಿ, "ವಿಟ್ಲದಲ್ಲಿ ದೋಟಿ ಹಿಡಿಯುವ ತರಬೇತಿ ಉಂಟಂತೆ, ಹೋಗು ಮಾರಾಯ" ಎಂದ.

ವಿಟ್ಲದ ಸಿಪಿಸಿಆರ್‌ಐ, ಅಡಿಕೆ ಸಂಶೋಧನೆಯ ಜಾಗ. ಮರ ಏರುವವರು ಸಿಗದೆ ಗೊನೆ ಮರದಲ್ಲೇ ಉಳಿಯುವ ಪರಿಸ್ಥಿತಿ ಬಂದಾಗ, 2018ರ ಕೊನೆಯಲ್ಲಿ ಅಲ್ಲೇ ಕ್ಯಾಂಪ್ಕೊ ಮತ್ತಿತರರು ಸೇರಿ 'ಅಡಿಕೆ ಕೌಶಲ್ಯ ಪಡೆ' ಎಂಬ ಹೆಸರಿನಲ್ಲಿ ಯುವಕರಿಗೆ ಮರ ಏರಲು ಕಲಿಸಿದ್ದರು. ಆಮೇಲೆ ಬಂದದ್ದು ಕಾರ್ಬನ್ ಫೈಬರ್ ದೋಟಿ. ನಡುವೆ 2019ರಲ್ಲಿ ನಮ್ಮ ತಾಲೂಕಿನ ಸಜಿಪಮೂಡದ ಕೊಮಾಲೆಯ ಕೃಷಿಕ ಗಣಪತಿ ಭಟ್ಟರು ಪೆಟ್ರೋಲ್ ಎಂಜಿನ್ ಕಟ್ಟಿ ಮರ ಏರುವ 'ಬೈಕ್' ಮಾಡಿದ್ದನ್ನು ನೀವೂ ನೋಡಿರಬಹುದು. ಯುವತಿಯೊಬ್ಬಳು ಅದರಲ್ಲಿ ಕೂತು ಸರ್ರನೆ ಮರದ ತುದಿಗೆ ಹೋಗುವ ವಿಡಿಯೊ ದೇಶವಿಡೀ ಓಡಾಡಿತ್ತು, ಉದ್ಯಮಿ ಆನಂದ್ ಮಹೀಂದ್ರಾ ಕೂಡ ಮೆಚ್ಚಿ ಹಂಚಿಕೊಂಡಿದ್ದರು. ಮರ ಏರುವುದು ಗಂಡಸಿನ ಕೆಲಸ, ಅದರಲ್ಲೂ ಇಂಥವರದ್ದೇ ಕೆಲಸ ಎಂಬ ನಮ್ಮ ಲೆಕ್ಕ ಆ ಅರ್ಧ ನಿಮಿಷದಲ್ಲಿ ತಲೆಕೆಳಗಾಗಿತ್ತು. ನಾವು ಮಾತ್ರ ವಿಡಿಯೊ ಫಾರ್ವರ್ಡ್ ಮಾಡಿ ಸುಮ್ಮನಾದೆವು.

ದೋಟಿ ನೋಡಲು ಸುಲಭ. ಒಂದರೊಳಗೊಂದು ಕೂತ ಕೊಳವೆಗಳು, ಎಳೆದಷ್ಟೂ ಉದ್ದ, ತುದಿಗೆ ಕತ್ತಿ. ನೆಲದಲ್ಲಿ ನಿಂತೇ ಗೊನೆ ಇಳಿಸಬಹುದು, ಕೆಳಗೆ ಒಬ್ಬ ಬಲೆ ಹಿಡಿದು ನಿಲ್ಲಬೇಕು. ಹಿಡಿದು ನೋಡಿದರೆ ಗೊತ್ತಾಗುತ್ತದೆ. ಐವತ್ತು ಅಡಿ ಎತ್ತರದಲ್ಲಿ ತುದಿ ಬಳುಕುತ್ತದೆ, ಗಾಳಿ ಬಂದರೆ ದೋಟಿ ನಿಮ್ಮನ್ನೇ ಎಳೆಯುತ್ತದೆ. ಕತ್ತಿ ಕೂರಬೇಕಾದದ್ದು ಗೊನೆಯ ಬುಡಕ್ಕೆ, ಮೇಲಿನ ಹಸಿ ಗೊನೆಗೆ ತಾಗಿದರೆ ತೋಟದವರ ಮುಂದಿನ ಕೊಯ್ಲು ಹೋಯಿತು. ಎಲ್ಲಕ್ಕಿಂತ ಮುಖ್ಯ ವಿದ್ಯುತ್ ತಂತಿ. ಕಾರ್ಬನ್ ಫೈಬರಿನಲ್ಲಿ ಕರೆಂಟ್ ಹರಿಯುತ್ತದೆ, ಬಿದಿರಿನ ದೋಟಿಯ ಧೈರ್ಯ ಇಲ್ಲಿ ನಡೆಯುವುದಿಲ್ಲ. ತೋಟಕ್ಕೆ ಕಾಲಿಟ್ಟ ಕೂಡಲೇ ನಾನು ಮೊದಲು ನೋಡುವುದು ಗೊನೆಯಲ್ಲ, ತಂತಿ ಎಲ್ಲಿ ಹಾದುಹೋಗಿದೆ ಎಂದು.

ಮೂರನೇ ದಿನ ನನಗೊಂದು ವಿಷಯ ಗೊತ್ತಾಯಿತು. ಈ ಕೆಲಸ ನನಗೆ ಬರುತ್ತದೆ. ಯಾವ ಗೊನೆ ಹಣ್ಣಾಗಿದೆ, ಯಾವುದಕ್ಕೆ ಇನ್ನೂ ಹತ್ತು ದಿನ ಬೇಕು ಎಂದು ಯಾರೂ ಹೇಳಿಕೊಡದೆ ಕಣ್ಣಿಗೆ ಕಾಣುತ್ತಿತ್ತು. ಚಿಕ್ಕಂದಿನಿಂದ ಅಪ್ಪನ ಬೆನ್ನ ಹಿಂದೆ ನಿಂತು ಮೇಲೆ ನೋಡಿದ್ದೆನಲ್ಲ, ಅದೆಲ್ಲ ಎಲ್ಲೋ ಒಳಗೆ ಕೂತಿತ್ತು. ಇನ್‌ವಾಯ್ಸ್ ನೋಡುವಾಗ ಒಂದೂವರೆ ವರ್ಷದಲ್ಲಿ ಒಮ್ಮೆಯೂ ಹಾಗೆ ಅನಿಸಿರಲಿಲ್ಲ. ಅಕ್ಕನ ಗಂಡ ಎಂದು ಕರೆಯುವ ದೂರದ ಸಂಬಂಧಿಯೊಬ್ಬರಿಂದ ಸಾಲ ಪಡೆದು, ಒಂದು ಹಳೆಯ ಬೈಕು ಬರುವಷ್ಟು ದುಡ್ಡು ಕೊಟ್ಟು ದೋಟಿ ತೆಗೆದುಕೊಂಡೆ. ಅವರಿಗೆ ಹೇಳಿದ್ದು ಲ್ಯಾಪ್‌ಟಾಪ್‌ಗೆ ಎಂದು.

ಬೆಳ್ತಂಗಡಿ ಕಡೆ ಹೋದದ್ದಕ್ಕೆ ಕಾರಣ ಒಂದೇ, ಅಲ್ಲಿ ನಮ್ಮ ಪರಿಚಯದವರಿಲ್ಲ. ಮಡಂತ್ಯಾರು, ಗುರುವಾಯನಕೆರೆ, ವೇಣೂರು, ನಾರಾವಿ. ಮೊದಲ ತಿಂಗಳು ತೋಟದವರೊಬ್ಬರು ನನ್ನನ್ನು "ಸರ್, ಚಹಾ ಕುಡಿದು ಹೋಗಿ" ಎಂದು ಒಳಗೆ ಕರೆದು ಸೋಫಾದಲ್ಲಿ ಕೂರಿಸಿದಾಗ ನನಗೆ ಚಹಾ ಇಳಿಯಲಿಲ್ಲ. ಅದೇ ಅಡಿಕೆ, ಅದೇ ಗೊನೆ. ಹಗ್ಗ ಕಟ್ಟಿ ಏರಿದ ನನ್ನ ಅಪ್ಪ ಮೂವತ್ತು ವರ್ಷ ಅಂಗಳದ ಬದಿಯಲ್ಲಿ ಕೂತರು. ಕಪ್ಪು ಕೊಳವೆ ಹಿಡಿದ ನಾನು ಆಪರೇಟರ್, ಸರ್. ಕಾಲ ಬದಲಾಗಿದೆ ಎಂದು ಖುಷಿಪಡಬೇಕೋ, ಯಂತ್ರಕ್ಕೆ ಸಿಕ್ಕ ಮರ್ಯಾದೆ ಮನುಷ್ಯನಿಗೆ ಸಿಗಲಿಲ್ಲವಲ್ಲ ಎಂದು ಸಿಟ್ಟಾಗಬೇಕೋ ನನಗಿನ್ನೂ ತೀರ್ಮಾನವಾಗಿಲ್ಲ.

ದುಡ್ಡಿನ ಮಾತು ಹೇಳಿಬಿಡುತ್ತೇನೆ. ಬೆಂಗಳೂರಿನ ತಿಂಗಳ ಸಂಬಳ ಇಲ್ಲಿ ಕೊಯ್ಲಿನ ಸಮಯದಲ್ಲಿ ಹತ್ತು ಹನ್ನೆರಡು ದಿನದಲ್ಲಿ ಬರುತ್ತದೆ. ಹಾಗೆಂದು ನಾಳೆಯೇ ಕೆಲಸ ಬಿಟ್ಟು ಬರಬೇಡಿ. ಜಡಿಮಳೆಯಲ್ಲಿ ವಾರಗಟ್ಟಲೆ ಕೆಲಸ ಇರುವುದಿಲ್ಲ. ಪಿಎಫ್ ಇಲ್ಲ, ಕಾಯಿಲೆ ರಜೆ ಇಲ್ಲ, ಇನ್ಶೂರೆನ್ಸ್ ನಾನೇ ಕಟ್ಟುತ್ತೇನೆ. ಕುತ್ತಿಗೆಗೆ ರಾತ್ರಿ ಎಣ್ಣೆ ಹಚ್ಚದೆ ನಿದ್ದೆ ಬರುವುದಿಲ್ಲ. ಐವತ್ತನೇ ವಯಸ್ಸಿನಲ್ಲಿ ಇದನ್ನು ಮಾಡಲು ಆಗುತ್ತದೆಯೇ ಎಂದು ಯಾರಾದರೂ ಕೇಳಿದರೆ ನನ್ನಲ್ಲಿ ಉತ್ತರವಿಲ್ಲ.

ಸುಳ್ಳು ಹೊರಬಿದ್ದದ್ದು ಉಗುರಿನಿಂದ. ಮೇ ಕೊನೆ, ಮಳೆ ಹಿಡಿಯುವ ಮೊದಲು ಕೊಳೆರೋಗಕ್ಕೆ ಬೋರ್ಡೋ ಬಿಡುವ ಅವಸರ. ಒಂದು ಕಿಲೊ ಮೈಲುತುತ್ತು, ಒಂದು ಕಿಲೊ ಸುಣ್ಣ, ನೂರು ಲೀಟರ್ ನೀರು. ಕೈಗವಸು ಹಾಕಿದರೂ ಆ ನೀಲಿ ಎಲ್ಲಿಂದಲೋ ಒಳಗೆ ಸೇರುತ್ತದೆ. ಊಟಕ್ಕೆ ಕೂತಾಗ ಅಮ್ಮ ನನ್ನ ಕೈ ನೋಡಿದರು. "ನಿನ್ನ ಆಫೀಸಿನಲ್ಲಿ ಯಾವ ಶಾಯಿ ಮಗಾ ಇದು?" ಎಂದರು. ನಾನು ಏನೋ ಹೇಳಹೊರಟೆ. "ಬೇಡ" ಎಂದರು. "ಮೂವತ್ತು ವರ್ಷ ಈ ಬಣ್ಣದ ಬಟ್ಟೆ ಒಗೆದಿದ್ದೇನೆ. ಬ್ಯಾಗಿನಲ್ಲಿದ್ದ ಟೀಶರ್ಟಿನ ಅಡಿಕೆಚೊಗರು ಯಾರು ತಿಕ್ಕಿದ್ದು ಅಂತ ತಿಳಿದಿದ್ದಿ ನೀನು?" ಅವರಿಗೆ ಮೊದಲ ತಿಂಗಳಿನಿಂದಲೇ ಗೊತ್ತಿತ್ತು. ಬಟ್ಟೆಯನ್ನು ಮನೆಯ ಹಿಂದೆ, ಅಪ್ಪನಿಗೆ ಕಾಣದ ಹಗ್ಗದಲ್ಲಿ ಒಣಗಿಸುತ್ತಿದ್ದರು. ನಾನೊಬ್ಬನೇ ಗುಟ್ಟು ಹೊತ್ತಿದ್ದೇನೆ ಎಂದುಕೊಂಡಿದ್ದೆ, ಅದರ ಅರ್ಧ ಭಾರ ಅಮ್ಮನ ತಲೆಯ ಮೇಲಿತ್ತು.

ಅಪ್ಪನಿಗೆ ಹೇಳಲು ಧೈರ್ಯ ಬರಲಿಲ್ಲ. ಅಷ್ಟರಲ್ಲಿ ತಂಗಿಗೆ ಕಾರ್ಕಳ ಕಡೆಯಿಂದ ಒಂದು ಸಂಬಂಧ ಬಂತು. ಹುಡುಗ ಒಳ್ಳೆಯವನು, ಕೆಲಸವಿದೆ, ತಂಗಿಗೂ ಒಪ್ಪಿಗೆ. ನೋಡಲು ಬಂದ ದಿನ ಜಗಲಿಯಲ್ಲಿ ಚಹಾ, ಅವಲಕ್ಕಿ, ಬಾಳೆಹಣ್ಣು. ಹುಡುಗನ ಮಾವ ನನ್ನ ಕಡೆ ತಿರುಗಿ, "ನೀವು ಬೆಳ್ತಂಗಡಿಯಲ್ಲಿ ಯಾವ ಕಂಪೆನಿ? ನನ್ನ ಗುರ್ತದವರು ತುಂಬ ಜನ ಇದ್ದಾರೆ ಅಲ್ಲಿ" ಎಂದರು. ಅಪ್ಪ ಕುರ್ಚಿಯಲ್ಲಿ ನೆಟ್ಟಗೆ ಕೂತು, ನಾನು ಹೇಳುವುದನ್ನೇ ಕಾಯುತ್ತಿದ್ದರು. ಆ ಮುಖದಲ್ಲಿ ಎಂಥ ಹೆಮ್ಮೆ ಇತ್ತೆಂದರೆ, ಇನ್ನೊಂದು ಸುಳ್ಳು ಹೇಳುವುದು ಬಹಳ ಸುಲಭವಿತ್ತು.

"ಕಂಪೆನಿ ಇಲ್ಲ. ನಾನು ದೋಟಿಯಲ್ಲಿ ಅಡಿಕೆ ಕೊಯ್ಯುವುದು, ಮದ್ದು ಬಿಡುವುದು" ಎಂದೆ.

ಯಾರೂ ಏನೂ ಹೇಳಲಿಲ್ಲ. ಅವರು ಬಾಳೆಹಣ್ಣು ತಿಂದು ಮುಗಿಸಿದರು, ಮರ್ಯಾದೆಯಿಂದಲೇ ಎದ್ದು ಹೋದರು. ನಾಲ್ಕು ದಿನದ ಮೇಲೆ ದಲ್ಲಾಳಿಯ ಫೋನ್ ಬಂತು: ಜಾತಕ ಕೂಡಿಬರಲಿಲ್ಲವಂತೆ. ಅವರು ಜಾತಕ ಕೇಳಿಯೇ ಇರಲಿಲ್ಲ.

ಇಲ್ಲಿಯವರೆಗೆ ಓದಿ ನನ್ನನ್ನು ಧೈರ್ಯವಂತ ಎಂದುಕೊಂಡಿದ್ದರೆ ನನ್ನ ತಂಗಿಯ ಮಾತನ್ನೂ ಕೇಳಿ. "ಎಂಟು ತಿಂಗಳು ಸುಳ್ಳು ಹೇಳುವಾಗ ನಿನಗೆ ಧೈರ್ಯ ಬರಲಿಲ್ಲ. ನನ್ನನ್ನು ನೋಡಲು ಬಂದ ದಿನವೇ ಬಂತಾ? ನಿನ್ನ ಸತ್ಯಕ್ಕೆ ದುಡ್ಡು ಕೊಟ್ಟದ್ದು ನಾನು" ಎಂದಳು. ಒಂದು ತಿಂಗಳು ಮಾತಾಡಲಿಲ್ಲ. ಅವಳು ಹೇಳಿದ್ದು ಸರಿ. ಮೊದಲ ದಿನವೇ ಹೇಳಿದ್ದರೆ ಆ ಸಂಬಂಧ ಬರುತ್ತಲೇ ಇರಲಿಲ್ಲವೋ ಏನೋ, ಆದರೆ ಬಂದು ಹೋದ ನೋವು ಅವಳಿಗೆ ಇರುತ್ತಿರಲಿಲ್ಲ. 'ನನ್ನ ಬದುಕು, ನನ್ನ ಇಷ್ಟ' ಎಂದು ಹೇಳುವಾಗ ಆ ಬದುಕಿನ ಬಿಲ್ಲು ಯಾರ ಹೆಸರಿಗೆ ಬರುತ್ತದೆ ಎಂದು ನಾನು ನೋಡಿರಲಿಲ್ಲ. ಈಗ ಅವಳು ಮಾತಾಡುತ್ತಾಳೆ, ಬಿ.ಎಡ್. ಮಾಡುತ್ತಿದ್ದಾಳೆ. ಮುಂದಿನ ಸಂಬಂಧ ಬಂದರೆ ಅಣ್ಣನ ಕೆಲಸ ಏನೆಂದು ದಲ್ಲಾಳಿಗೆ ಮೊದಲೇ ಹೇಳಬೇಕು ಎಂಬ ಷರತ್ತು ಅವಳದ್ದೇ.

ಅಪ್ಪ ಬಯ್ಯಲಿಲ್ಲ. ಬಯ್ದಿದ್ದರೆ ಒಳ್ಳೆಯದಿತ್ತು. ಎರಡು ವಾರ ನನ್ನ ಕಡೆ ನೋಡದೆ ಊಟ ಮಾಡಿ ಎದ್ದು ಹೋಗುತ್ತಿದ್ದರು. ಜಗಲಿಯಲ್ಲಿದ್ದ ನನ್ನ ಶೂ ಒಳಗೆ ಹೋಯಿತು. ಒಂದು ದಿನ ಸಂಜೆ ಬಂದಾಗ, ಇನ್ನು ಮುಚ್ಚಿಡುವುದೇನಿದೆ ಎಂದು ಮನೆಗೇ ತಂದಿಟ್ಟಿದ್ದ ದೋಟಿಯನ್ನು ಅಪ್ಪ ಕೋಲೂರಿಕೊಂಡು ನಿಂತು ನೋಡುತ್ತಿದ್ದರು. "ಇದರ ಕತ್ತಿ ಸರಿ ಇಲ್ಲ" ಎಂದರು. "ಬಾಗು ಕಮ್ಮಿ. ಗೊನೆ ಜಾರ್ತದೆ. ನಿನಗೆ ಜಾರುದಿಲ್ವಾ?" ಜಾರುತ್ತಿತ್ತು. ಮರುದಿನ ತಮ್ಮ ಹಳೆಯ ಕತ್ತಿಯನ್ನು ಕಮ್ಮಾರನಲ್ಲಿಗೆ ಕಳಿಸಿ, ಹೇಗೆ ಬಾಗಿಸಬೇಕೆಂದು ಫೋನಿನಲ್ಲೇ ಅರ್ಧ ಗಂಟೆ ಹೇಳಿದರು.

ಅವರಿಗೆ ಒಪ್ಪಿಗೆಯಾಗಿದೆ ಎಂದು ನಾನು ಹೇಳುವುದಿಲ್ಲ. ಈಗಲೂ ಬ್ಯಾಂಕ್ ಪರೀಕ್ಷೆಯ ಜಾಹೀರಾತು ಪೇಪರಿನಲ್ಲಿ ಬಂದರೆ ಆ ಪುಟ ಮೇಲೆ ಮಾಡಿ ನನ್ನ ಚಾಪೆಯ ಹತ್ತಿರ ಇಡುತ್ತಾರೆ. ಕಳೆದ ಸಲದ್ದಕ್ಕೆ ಅರ್ಜಿಯನ್ನೂ ಹಾಕಿದೆ. ಅಮ್ಮ ಟೀಶರ್ಟನ್ನು ಈಗ ಅಂಗಳದ ಹಗ್ಗದಲ್ಲೇ ಒಣಗಿಸುತ್ತಾರೆ. ನಾನು ಬಸ್ಸು ಬಿಟ್ಟು ಬೈಕಿನಲ್ಲಿ ಹೋಗುತ್ತೇನೆ, ದೋಟಿ ಬದಿಗೆ ಕಟ್ಟಿಕೊಂಡು. ವಗ್ಗದಲ್ಲಿ ನಿಂತವರು ನೋಡುತ್ತಾರೆ. ಕೆಲವರು ಇನ್ನೊಂದು ಕಡೆಗೆ ನೋಡುತ್ತಾರೆ. ಇಬ್ಬರು ತಮ್ಮ ತೋಟಕ್ಕೂ ಬರಬಹುದೇ ಎಂದು ಕೇಳಿದ್ದಾರೆ.

ಮೊನ್ನೆ ರಾತ್ರಿ ನಾನು ಊಟಕ್ಕೆ ಕೂತಿದ್ದಾಗ ಮೊಬೈಲ್ ರಿಂಗಾಯಿತು. ಕೈ ಎಂಜಲು. ಜಗಲಿಯಲ್ಲಿದ್ದ ಅಪ್ಪ ಎತ್ತಿದರು.

"ಹಾಂ, ಅವನ ಅಪ್ಪ ಮಾತಾಡುದು. ಊಟ ಮಾಡ್ತಿದ್ದಾನೆ. ಮದ್ದು ಬಿಡ್ಲಿಕ್ಕಾ?... ಎಷ್ಟು ಮರ ಉಂಟು?... ತೋಟದ ಮೇಲೆ ಕರೆಂಟಿನ ತಂತಿ ಏನಾದ್ರೂ ಹೋಗ್ತದಾ?"